ಹೊಡೆಗೆ ಬಂದ ಪೈರಿಗೆ ನೀರು

(ಅಂಜನಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನು ಮಕ್ಕಳು ತಮ್ಮ ತಾಯಿಯ ನೆನಪಿಗೆ ಇಟ್ಟಿದ್ದಾರೆ. ಆ ತಾಯಿ ಈ ಭಾಗದಲ್ಲಿ ಸೂಲಗಿತ್ತಿಯಾಗಿದ್ದವರು. ಮನೆಯಲ್ಲಿ ಅಕ್ಕಿ ಅಳೆಯುವ ಸೇರು ಬಿಟ್ಟರೆ ಬೇರೆ ತೂಕ ಅಳತೆ ಇರದ ಕಾಲ. ಹುಟ್ಟಿದ ಕೂಸನ್ನು ಎರಡೂ ಅಂಗೈಯಲ್ಲಿ ಎತ್ತಿ ಒಂದು ಗಳಿಗೆ ಹಾಗೇ ಹಿಡಿದಿರುತ್ತಿದ್ದರಂತೆ. ‘ಗಟ್ಟಿ ಐತಿ’ ಅಂದರೆ ಮನೆಯವರು ನಿಶ್ಚಿಂತರು. ಏನೂ ಹೇಳದೆ ಬಟ್ಟೆ ಸುತ್ತಿ ತಾಯಿಯ ಮಗ್ಗುಲಿಗೆ ಮಲಗಿಸಿದರೆ ಆ ಮನೆಗೆ ಅವರು ಮತ್ತೆ ಮತ್ತೆ ಹೋಗಿಬರುತ್ತಿದ್ದರಂತೆ. ಇವತ್ತು ನಾನು ಮಾತಾಡಬೇಕಾದ್ದು ಆ ಅಂಗೈ ತೂಕದ ಬಗ್ಗೆಯೇ. ಹಗುರಾಗಿ ಹುಟ್ಟಿದ ಕೂಸಿಗೆ ಐವತ್ತನೆಯ ವಯಸ್ಸಿನಲ್ಲಿ ಎದೆನೋವು ಬರುವುದಕ್ಕೂ ಅದರ ತಾಯಿ ಬಸುರಿನಲ್ಲಿ ಉಂಡದ್ದಕ್ಕೂ ನಂಟು ಇದೆಯೆ? ಇದ್ದರೆ ಅಷ್ಟು ವರ್ಷ ಆ ನೆನಪನ್ನು ದೇಹ ಎಲ್ಲಿ ಇಟ್ಟುಕೊಂಡಿರುತ್ತದೆ?

ನಾನು ಮಕ್ಕಳ ವೈದ್ಯೆ. ಹುಟ್ಟಿ ಬೆಳೆದದ್ದು ಅಂಜನಾಪುರ ಅಣೆಕಟ್ಟಿನ ನಾಲೆ ನೀರು ಹರಿಯುವ ಗದ್ದೆ ಬಯಲಿನಲ್ಲಿ. ವೈದ್ಯಕೀಯ ಕಾಲೇಜಿನಲ್ಲಿ ಎಷ್ಟೋ ಓದಿದೆ, ಆದರೆ ಈ ವಿಷಯದ ಮೊದಲ ಪಾಠ ನನಗೆ ಸಿಕ್ಕಿದ್ದು ಗದ್ದೆಯ ಬದುವಿನ ಮೇಲೆ. ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಅಪ್ಪ ಒಂದು ಭತ್ತದ ಗಿಡ ಹಿಡಿದು, ಉಬ್ಬಿದ ಹೊಡೆಯನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ತೆನೆ ಇತ್ತು. ಬೆಳ್ಳಗೆ, ಒದ್ದೆ ಹತ್ತಿಯ ಎಳೆಯಂತೆ ಮೆತ್ತಗೆ. ಒಂದೊಂದು ಕಾಳಿನ ಜಾಗವೂ ಆಗಲೇ ಗುರುತಾಗಿತ್ತು, ಕಾಳು ಮಾತ್ರ ಇರಲಿಲ್ಲ. ‘ಈಗ ಹದಿನೈದು ದಿನ ನೀರು ತಪ್ಪಿದ್ರ, ಮುಂದ ಕೆರಿ ಕೋಡಿ ಬಿದ್ರೂ ಅಷ್ಟೆ. ಜೊಳ್ಳಾಕ್ಕತಿ’ ಅಂದರು. ನೀರು ತಪ್ಪಿದ ಗದ್ದೆ ದಾರಿಯಲ್ಲಿ ಹೋಗುವವರ ಕಣ್ಣಿಗೆ ಹಸಿರಾಗಿಯೇ ಕಾಣುತ್ತದೆ. ಕಣದಲ್ಲಿ ತೂರುವಾಗ ಗಾಳಿ ಹೇಳುತ್ತದೆ ಎಷ್ಟು ಜೊಳ್ಳು, ಎಷ್ಟು ಗಟ್ಟಿ ಎಂದು.

ಮನುಷ್ಯರ ಮಟ್ಟಿಗೆ ಈ ಹೊಡೆಯ ಕಾಲ ಬಸುರಿನ 270 ದಿನ, ಆಮೇಲೆ ಕೂಸಿನ ಮೊದಲ ಎರಡು ವರ್ಷದ 730 ದಿನ. ಕೂಡಿದರೆ ಸಾವಿರ ದಿನ. ವೈದ್ಯರು ಹೇಳುವ ‘ಮೊದಲ ಸಾವಿರ ದಿನ’ ಇದೇ.

ಈಗ ವಂಶವಾಹಿಗೆ ಬರೋಣ. ‘ನಮ್ಮ ವಂಶದಲ್ಲೇ ಐತಿ’ ಎಂಬ ಮಾತನ್ನು ನನ್ನ ಕೋಣೆಯಲ್ಲಿ ನಾನು ದಿನವೂ ಕೇಳುತ್ತೇನೆ. ಸಕ್ಕರೆ ಕಾಯಿಲೆ ವಂಶದಲ್ಲಿದೆ, ಬಿ.ಪಿ. ವಂಶದಲ್ಲಿದೆ, ಗಿಡ್ಡತನ ವಂಶದಲ್ಲಿದೆ. ವೈದ್ಯಲೋಕದ ಪುಸ್ತಕಗಳಲ್ಲಿ ವಂಶದ ಕಾಯಿಲೆಯೊಂದಕ್ಕೆ ನಮ್ಮ ಸೀಮೆಯ ಊರಿನ ಹೆಸರು ಅಂಟಿಕೊಂಡಿದೆ.  ಅದು ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವೆ ಅಲ್ಲಿನ ದಲಿತ ಕೇರಿಗಳಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆದು ಜನ ತೆವಳುವ ಸ್ಥಿತಿಗೆ ಬಂದಾಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು. ಆ ಕೇರಿಗಳ ಜನ ತಿನ್ನುವ ಅನ್ನವೋ, ಗದ್ದೆಯ ಏಡಿಯೊಳಗೆ ಸೇರಿದ ಕೀಟನಾಶಕವೋ, ರಕ್ತವೋ ಎಂಬ ಪ್ರಶ್ನೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ತಳಿವಿಜ್ಞಾನಿಗಳು ಇದು ವಂಶವಾಹಿಯ ದೋಷ, ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು ಎಂಬ ತೀರ್ಮಾನಕ್ಕೆ ಬಂದರು. ಅಂಥ ಕಾಯಿಲೆಗಳಿವೆ. ಅಲ್ಲಿ ವಂಶವಾಹಿಯ ಬರವಣಿಗೆಯ ಅಕ್ಷರವೇ ತಪ್ಪಾಗಿರುತ್ತದೆ, ಊಟ ಅದನ್ನು ತಿದ್ದಲಾರದು. ಆದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ರಕ್ತದೊತ್ತಡ ಆ ಜಾತಿಯವಲ್ಲ. ಇವುಗಳಲ್ಲಿ ವಂಶದ ಪಾಲು ಇದ್ದೇ ಇದೆ, ಆದರೆ ಅದು ಒಂದು ಪಾಲು ಮಾತ್ರ. ಅದರ ಜೊತೆಗೆ, ಬರೆದ ಅಕ್ಷರ ಸರಿಯಿದ್ದೂ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ವ್ಯತ್ಯಾಸವಾಗಬಹುದು.

ನಮ್ಮ ನಾಲೆಯನ್ನೇ ನೋಡಿ. ಮುಖ್ಯ ನಾಲೆ, ಕವಲು ನಾಲೆ, ಗದ್ದೆಗೊಂದು ಬಾಯಿ, ಎಲ್ಲವೂ ಕಟ್ಟಿದಲ್ಲೇ ಇರುತ್ತವೆ. ಆದರೂ ಯಾವ ಗದ್ದೆಗೆ ನೀರು ಬಿತ್ತು ಎಂಬುದು ಯಾವ ತೂಬು ತೆರೆದಿದೆ, ಯಾವುದು ಮುಚ್ಚಿದೆ ಎಂಬುದರ ಮೇಲೆ ನಿಂತಿದೆ. ನಮ್ಮ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಸುಮಾರು 20,000 ವಂಶವಾಹಿಗಳಿವೆ. ಕಣ್ಣಿನ ಕೋಶದಲ್ಲೂ ಅವೇ, ಯಕೃತ್ತಿನ ಕೋಶದಲ್ಲೂ ಅವೇ. ಕಣ್ಣು ಕಣ್ಣಾಗುವುದು, ಯಕೃತ್ತು ಯಕೃತ್ತಾಗುವುದು ತೂಬುಗಳ ವ್ಯತ್ಯಾಸದಿಂದ. ವಂಶವಾಹಿಯ ಅಭಿವ್ಯಕ್ತಿ ಎಂದರೆ ಇಷ್ಟೇ. ತೂಬಿಗೆ ಅಡ್ಡ ಇಳಿಸುವ ಹಲಗೆಗಳಲ್ಲಿ ಒಂದರ ಹೆಸರು ಮೀಥೈಲ್. ಒಂದು ಇಂಗಾಲ, ಮೂರು ಜಲಜನಕ ಸೇರಿದ ಅತಿ ಪುಟ್ಟ ಗುಂಪು. ಡಿಎನ್ಎ ಮೇಲೆ ಗೊತ್ತಾದ ಜಾಗದಲ್ಲಿ ಅದು ಕೂತರೆ ಆ ವಂಶವಾಹಿ ಸಾಮಾನ್ಯವಾಗಿ ಮೌನವಾಗುತ್ತದೆ. ಕೋಶ ಎರಡಾದಾಗ ಆ ಗುರುತು ಎರಡಕ್ಕೂ ದಾಟುತ್ತದೆ. ದೇಹ ತನ್ನ ಹಳೆಯ ನೆನಪನ್ನು ಇಟ್ಟುಕೊಳ್ಳುವ ಜಾಗಗಳಲ್ಲಿ ಇದೊಂದು.

ಈ ಹಲಗೆಗೆ ಮರ ಎಲ್ಲಿಂದ ಬರಬೇಕು? ಅಡುಗೆಮನೆಯಿಂದಲೇ. ಸೊಪ್ಪು ಮತ್ತು ಕಾಳುಗಳಲ್ಲಿರುವ ಫೋಲೇಟ್, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿರುವ ಬಿ-12, ಮೊಟ್ಟೆಯ ಹಳದಿಯಲ್ಲಿ ಹೇರಳವಾಗಿರುವ ಕೋಲೀನ್, ಒಳ್ಳೆಯ ಪ್ರೋಟೀನಿನ ಮೆಥಿಯೋನಿನ್, ಇವು ಸೇರಿ ದೇಹಕ್ಕೆ ಮೀಥೈಲನ್ನು ಒದಗಿಸುತ್ತವೆ. ಗರ್ಭ ನಿಂತ ಮೊದಲ ದಿನಗಳಲ್ಲಿ ತಂದೆ ತಾಯಿಯಿಂದ ಬಂದ ಹಳೆಯ ಗುರುತುಗಳು ಬಹುಪಾಲು ಅಳಿಸಿಹೋಗಿ ಹೊಸ ಗುರುತುಗಳು ಕೂರುತ್ತವೆ. ಆ ಹೊತ್ತಿಗೆ ಮುಟ್ಟು ತಪ್ಪಿದ್ದು ಕೂಡ ಆ ಹೆಣ್ಣುಮಗಳಿಗೆ ತಿಳಿದಿರುವುದಿಲ್ಲ.

ಊಟವೇ ತೂಬನ್ನು ತೆರೆದು ಮುಚ್ಚಬಲ್ಲದು ಎಂಬುದಕ್ಕೆ ಮಲೆನಾಡಿನವರಿಗೆ ಒಳ್ಳೆಯ ಸಾಕ್ಷಿ ಜೇನುಪೆಟ್ಟಿಗೆ. ರಾಣಿಜೇನು ಬೇರೆ ಬೀಜದ್ದಲ್ಲ, ಕೆಲಸದ ಹುಳುವೂ ಬೇರೆ ಬೀಜದ್ದಲ್ಲ. ಮೊದಲ ಮೂರು ದಿನ ಎಲ್ಲ ಮರಿಗೂ ರಾಜಶಾಹಿ ರಸ ಸಿಗುತ್ತದೆ. ಆಮೇಲೆ ರಾಣಿಯಾಗಬೇಕಾದ ಮರಿಗೆ ಅದೇ ರಸ ಮುಂದುವರಿಯುತ್ತದೆ, ಉಳಿದವಕ್ಕೆ ಪರಾಗ, ಜೇನಿನ ಊಟ. ಕೆಲಸದ ಹುಳು ಕೆಲವು ವಾರ ದುಡಿದು ಸಾಯುತ್ತದೆ, ರಾಣಿ ವರ್ಷಗಟ್ಟಲೆ ಬಾಳಿ ಮೊಟ್ಟೆ ಇಡುತ್ತದೆ. 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಮರಿಗಳಲ್ಲಿ ಮೀಥೈಲ್ ಕೂರಿಸುವ ಕಿಣ್ವವನ್ನು ಅಡಗಿಸಿ ನೋಡಿದರು. ರಸ ಉಣಿಸದೆಯೂ ಹೆಚ್ಚಿನ ಮರಿಗಳು ರಾಣಿಯ ಲಕ್ಷಣ ಪಡೆದವು.

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲ. ಆದರೆ ಚರಿತ್ರೆ ಕ್ರೂರವಾಗಿ ಮಾಡಿದೆ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ಸಾಗಣೆ ತಡೆದಾಗ ಪಶ್ಚಿಮ ನೆದರ್ಲ್ಯಾಂಡ್ಸ್ ಹಸಿದಿತ್ತು. ಆ ತಿಂಗಳುಗಳಲ್ಲಿ ಗರ್ಭಕ್ಕೆ ಬಂದವರನ್ನು ಅರವತ್ತು ವರ್ಷದ ನಂತರ ಅವರದೇ ಒಡಹುಟ್ಟಿದವರ ಜೊತೆ ಹೋಲಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್-2 ಎಂಬ ವಂಶವಾಹಿಯ ಬಳಿ ಮೀಥೈಲ್ ಗುರುತು ಕಡಿಮೆ ಇತ್ತು. 2008ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಬಸುರಿನ ಕೊನೆಯ ತಿಂಗಳುಗಳಲ್ಲಿ ಹಸಿವು ಕಂಡ ಕೂಸುಗಳು ತೂಕ ಕಡಿಮೆಯಾಗಿ ಹುಟ್ಟಿದವು, ಆದರೆ ಅವುಗಳಲ್ಲಿ ಈ ಗುರುತು ಬದಲಾಗಿರಲಿಲ್ಲ. ಮೊದಲ ವಾರಗಳಲ್ಲೇ ಹಸಿವು ಕಂಡವರಲ್ಲಿ ಅದು ಬದಲಾಗಿತ್ತು. ಎಲ್ಲವನ್ನೂ ತಕ್ಕಡಿ ಹೇಳುವುದಿಲ್ಲ.

ಪಶ್ಚಿಮ ಆಫ್ರಿಕದ ಗ್ಯಾಂಬಿಯಾದ ಹಳ್ಳಿಗಳು ನಮಗೆ ಇನ್ನೂ ಹತ್ತಿರ. ಅಲ್ಲಿ ಮಳೆಗಾಲವೆಂದರೆ ಕಣಜ ತಳ ಕಂಡ ಕಾಲ, ಗದ್ದೆಯಲ್ಲಿ ಹೆಂಗಸರಿಗೆ ಸೊಂಟ ಮುರಿಯುವ ದುಡಿಮೆಯ ಕಾಲ. ನಾಟಿಯ ದಿನಗಳನ್ನು ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಗರ್ಭ ನಿಂತ ಮಕ್ಕಳಿಗೂ ಬೇಸಗೆಯಲ್ಲಿ ನಿಂತ ಮಕ್ಕಳಿಗೂ ಡಿಎನ್ಎಯ ಕೆಲವು ಜಾಗಗಳಲ್ಲಿ ಮೀಥೈಲ್ ಬೇರೆ ಬೇರೆ ಇತ್ತು, ಆ ಹೊತ್ತಿನ ತಾಯಿಯ ರಕ್ತದಲ್ಲಿದ್ದ ಪೋಷಕಾಂಶಗಳಿಗೆ ಅದು ತಾಳೆಯಾಗುತ್ತಿತ್ತು ಎಂದು 2014ರಲ್ಲಿ ವರದಿಯಾಯಿತು.

ನಮ್ಮ ನಾಡಿನ ಸಾಕ್ಷಿ ಮೈಸೂರಿನದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಅದರಿಂದ ಮುಂದೊಂದು ದಿನ ಏನು ಪ್ರಯೋಜನ ಎಂದು ಬರೆದವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಬರೆಯುವುದು ಕೆಲಸ, ಬರೆದರು. ಅರವತ್ತು ವರ್ಷ ಆ ದಪ್ಪ ಪುಸ್ತಕಗಳು ಉಳಿದವು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ಪುಸ್ತಕಗಳಲ್ಲಿದ್ದ ಕೂಸುಗಳನ್ನು ಹುಡುಕುತ್ತ ಆಸ್ಪತ್ರೆಯ ಸುತ್ತಲ ಬೀದಿಗಳಲ್ಲಿ ಮನೆಮನೆಗೆ ಹೋದರು. ಕೂಸುಗಳು ಅಜ್ಜ ಅಜ್ಜಿಯರಾಗಿದ್ದರು. 1934ರಿಂದ 1954ರ ನಡುವೆ ಹುಟ್ಟಿದ 517 ಜನರ ಹೃದಯ ಪರೀಕ್ಷೆಯ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಏಳು ಪೌಂಡಿಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3. ತಾಯಿಯೂ ಸೊರಗಿದ್ದರೆ ಅಪಾಯ ಇನ್ನೂ ಹೆಚ್ಚು.

ಸಕ್ಕರೆ ಕಾಯಿಲೆಯ ಕತೆ ಅದೇ ಪುಸ್ತಕಗಳಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಹೆಚ್ಚು ತೊಂದರೆಗೆ ಒಳಗಾದವರು ಗಿಡ್ಡಗೆ, ದುಂಡಗೆ ಹುಟ್ಟಿದವರು, ತೂಕದ ತಾಯಂದಿರ ಮಕ್ಕಳು. ಬಸುರಿನಲ್ಲಿ ತಾಯಿಗೆ ಸಕ್ಕರೆ ಏರಿದ್ದಿರಬಹುದೆಂದು ಸಂಶೋಧಕರು ಊಹಿಸಿದರು. ಹಾಗಾಗಿ 1997ರಿಂದ ಅದೇ ಆಸ್ಪತ್ರೆಯಲ್ಲಿ ಬಸುರಿಯರನ್ನೇ ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷವರ್ಷವೂ ಅಳೆಯುತ್ತ ಬಂದರು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ತಾಯಂದಿರ ರಕ್ತದಲ್ಲಿ ಕಂಡದ್ದು ಇದು: ನೂರರಲ್ಲಿ 43 ಮಂದಿಗೆ, ಮೀಥೈಲ್ ಒದಗಿಸಲು ಬೇಕಾದ ಬಿ-12 ಕಡಿಮೆ. ಪುಣೆಯ ಸುತ್ತಲ ಹಳ್ಳಿಗಳಲ್ಲಿ ಡಾ. ಸಿ.ಎಸ್. ಯಾಜ್ಞಿಕ್ ಅವರು ಕಂಡ ಕೂಸೂ ತೂಕವೊಂದನ್ನೇ ನೋಡಿದರೆ ಸಾಲದು ಎಂಬ ಪಾಠ ಹೇಳುತ್ತದೆ. ಸರಾಸರಿ 2.7 ಕಿಲೋ ತೂಗುವ ಆ ಕೂಸು ನೋಡಲು ಸಣಕಲು, ಆದರೆ ಚರ್ಮದಡಿಯ ಕೊಬ್ಬಿನಲ್ಲಿ ಬಿಳಿಯರ ಮೂರೂವರೆ ಕಿಲೋ ಕೂಸಿಗೆ ಹೆಚ್ಚು ಹಿಂದೆ ಬಿದ್ದಿರಲಿಲ್ಲ. ಕಡಿಮೆಯಾದದ್ದು ಮಾಂಸಖಂಡ. ಮುಂದೆ ಆ ಮಗು ಪೇಟೆ ಸೇರಿ, ಕುಳಿತು ಕೆಲಸ ಮಾಡಿ, ಹೊಟ್ಟೆತುಂಬ ಸಕ್ಕರೆ ಎಣ್ಣೆ ತಿಂದಾಗ, ಬರಗಾಲಕ್ಕೆ ಸಿದ್ಧವಾಗಿದ್ದ ದೇಹ ಆ ಸಮೃದ್ಧಿಯನ್ನು ತಾಳಿಕೊಳ್ಳಲಾರದು.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಅಧ್ಯಯನಗಳು ನೂರಾರು ಜನರ ಸರಾಸರಿಯನ್ನು ಹೇಳುತ್ತವೆ, ನಿಮ್ಮ ಮಡಿಲಲ್ಲಿರುವ ಒಂದು ಕೂಸಿನ ಭವಿಷ್ಯವನ್ನಲ್ಲ. ಮೀಥೈಲ್ ಗುರುತಿನ ವ್ಯತ್ಯಾಸಗಳು ಮನುಷ್ಯರಲ್ಲಿ ಚಿಕ್ಕವು, ಅವೇ ಕಾಯಿಲೆಗೆ ಕಾರಣ ಎನ್ನಲು ಇನ್ನೂ ಕೆಲಸ ಬಾಕಿಯಿದೆ. ಹಗುರಾಗಿ ಹುಟ್ಟಿ ಎಂಬತ್ತು ವರ್ಷ ಗಟ್ಟಿಯಾಗಿ ಬಾಳಿದವರು ಈ ಸಭೆಯಲ್ಲೇ ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಕೇಳಿ ಯಾವ ತಾಯಿಯೂ ‘ತಪ್ಪು ನನ್ನದು’ ಎಂದುಕೊಳ್ಳಬಾರದು. ತಟ್ಟೆಗೆ ಏನು ಬೀಳಬೇಕು ಎಂಬುದು ನಮ್ಮ ಮನೆಗಳಲ್ಲಿ ಅವಳ ಕೈಯಲ್ಲಿರುವುದು ತೀರ ಕಡಿಮೆ.

ಊಟ ಕೊಟ್ಟರೆ ಫಲ ಸಿಗುತ್ತದೆಯೆ? ಸಿಗುತ್ತದೆ. ಹೈದರಾಬಾದಿನ ಹತ್ತಿರದ ಹಳ್ಳಿಗಳಲ್ಲಿ 1987ರಿಂದ 1990ರವರೆಗೆ ಬಸುರಿ ಬಾಣಂತಿಯರಿಗೆ, ಆರು ವರ್ಷದೊಳಗಿನ ಮಕ್ಕಳಿಗೆ ದಿನವೂ ಉಪ್ಪಿಟ್ಟು ಕೊಟ್ಟರು. ಮೆಕ್ಕೆಜೋಳ, ಸೋಯಾ ಹಿಟ್ಟಿನದು. ನನ್ನ ವಯಸ್ಸಿನವರು ಶಾಲೆಯಲ್ಲಿ ತಿಂದ ಹಳದಿ ಉಪ್ಪಿಟ್ಟನ್ನು ನೆನೆಯಿರಿ. ಆ ಮಕ್ಕಳು 13ರಿಂದ 18 ವರ್ಷದವರಾದಾಗ, ಉಪ್ಪಿಟ್ಟು ಸಿಗದ ಹಳ್ಳಿಗಳ ಮಕ್ಕಳ ಜೊತೆ ಹೋಲಿಸಿದರು. ಉಪ್ಪಿಟ್ಟು ತಿಂದವರಲ್ಲಿ 14 ಮಿಲಿಮೀಟರ್ ಎತ್ತರ ಹೆಚ್ಚು, ರಕ್ತನಾಳಗಳು ಹೆಚ್ಚು ಮೆದು, ಇನ್ಸುಲಿನ್ನಿಗೆ ದೇಹ ಉತ್ತಮವಾಗಿ ಓಗೊಡುತ್ತಿತ್ತು. ಮುಂಬಯಿಯ ಬಡಾವಣೆಗಳಲ್ಲಿ ಹೆಂಗಸರಿಗೆ ಬಸುರಾಗುವ ಮೊದಲೇ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ ಕೊಟ್ಟ ಇನ್ನೊಂದು ಪ್ರಯೋಗ ನಡೆಯಿತು. ಒಟ್ಟಾರೆ ಕೂಸುಗಳ ತೂಕ ಹೆಚ್ಚಲಿಲ್ಲ. ತೀರ ಸೊರಗಿದ ತಾಯಿಗೆ ತಿಂಡಿಯ ಫಲ ಸಿಗಲಿಲ್ಲ, ಅಷ್ಟಿಷ್ಟು ಮೈಯಿದ್ದವರಿಗೆ ಸಿಕ್ಕಿತು. ಆದರೆ ಬಸುರಿನ ಸಕ್ಕರೆ ಕಾಯಿಲೆ ನೂರಕ್ಕೆ 12.4ರಿಂದ 7.3ಕ್ಕೆ ಇಳಿಯಿತು. ಈ ಎರಡೂ ಪ್ರಯೋಗಗಳನ್ನು ಒಟ್ಟಿಗೆ ಓದಿದಾಗ ನನಗೆ ಅನಿಸಿದ್ದು: ಬಸುರಿಯಾದ ಮೇಲೆ ಮಾತ್ರ ತಟ್ಟೆ ತುಂಬಿಸಿದರೆ ಸಾಲದು. ಹೈಸ್ಕೂಲಿಗೆ ಹೋಗುವ ಹುಡುಗಿಯ ತಟ್ಟೆಯಿಂದಲೇ ಶುರುವಾಗಬೇಕು.

ನಮ್ಮ ರಾಜ್ಯದ ಲೆಕ್ಕ ನೋಡಿ. 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಸುಮಾರು 65 ಮಂದಿಗೆ ರಕ್ತಹೀನತೆ. ಬಸುರಿಯರಲ್ಲಿ ಸುಮಾರು 46 ಮಂದಿಗೆ.

ಹಣದ ಬಡತನ ಇದಕ್ಕೆ ಕಾರಣ ಹೌದು, ಅದೊಂದೇ ಅಲ್ಲ. ಒಬ್ಬ ಅಜ್ಜಿ ಬಸುರಿ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಏಳು ತಿಂಗಳು, ತೂಕ ಏರುತ್ತಿರಲಿಲ್ಲ. ಊಟ ಹೇಗೆ ಎಂದು ಕೇಳಿದೆ. ಅಜ್ಜಿಯೇ ಉತ್ತರ ಕೊಟ್ಟರು: ‘ಕಡಿಮಿ ಮಾಡೀವಿ ಡಾಕ್ಟ್ರಮ್ಮ. ಕೂಸು ದಪ್ಪಾದ್ರ ಹೆರಿಗಿ ತ್ರಾಸ ಆಕ್ಕತಿ.’ ಆ ಮಾತಿನಲ್ಲಿ ಕೆಡುಕಿರಲಿಲ್ಲ. ಹೆರಿಗೆಯಲ್ಲಿ ಸತ್ತ ಹೆಣ್ಣುಮಕ್ಕಳನ್ನು ಕಣ್ಣಾರೆ ಕಂಡ ತಲೆಮಾರಿನ ಭಯವಿತ್ತು. ನಾನು ಅವರಿಗೆ ಹೊಡೆಗೆ ಬಂದ ಭತ್ತದ ಮಾತು ಹೇಳಿದೆ. ‘ಹೊಡಿಗೆ ನೀರು ಬಿಡ್ಲಿಲ್ಲ ಅಂದ್ರ...’ ಎಂದು ತಾವೇ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಸೊಸೆಯ ಮುಖ ನೋಡಿದರು. ಮುಂದಿನ ತಿಂಗಳು ಬಂದಾಗ ಸೊಸೆಯ ತೂಕ ಒಂದೂವರೆ ಕಿಲೋ ಏರಿತ್ತು.

ಹಸು ಕರು ಹಾಕಿದರೆ ಗಿಣ್ಣಿಗಾಗಿ ಕೇರಿಯೆಲ್ಲ ಕಾಯುತ್ತದೆ, ಬೆಲ್ಲ ಏಲಕ್ಕಿ ಹಾಕಿ ಹಬ್ಬದಂತೆ ಹಂಚುತ್ತೇವೆ. ತಾಯಿಯ ಮೊದಲ ಹಳದಿ ಹಾಲೂ ಗಿಣ್ಣೇ. ಅದನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ಮನೆಗಳನ್ನು ನಾನು ಇವತ್ತಿಗೂ ಕಾಣುತ್ತೇನೆ. ಆರು ತಿಂಗಳಾದ ಮೇಲೆ ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಕಾಯಿಸಿ ಕೊಡುತ್ತಿದ್ದ ಸರಿಯ ಜಾಗಕ್ಕೆ ಬಿಸ್ಕತ್ತು ಅದ್ದಿದ ಚಹಾ ಬಂದಿದೆ. ಊಟದ ಜೊತೆ ಚಹಾ ಕುಡಿದರೆ ಇದ್ದಬದ್ದ ಕಬ್ಬಿಣವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕರೆದ ಹಾಲೆಲ್ಲ ಡೇರಿಯ ಕ್ಯಾನಿಗೆ ಹೋಗುತ್ತದೆ. ಸಾಲ ತೀರಬೇಕು, ಅದು ನನಗೆ ಗೊತ್ತು. ಆದರೆ ಸೊಪ್ಪು ಸಾರು ಮಾತ್ರ ಉಣ್ಣುವ ಮನೆಗಳಲ್ಲಿ ಬಿ-12 ಬರುವುದು ಆ ಹಾಲು, ಮೊಸರು, ಮಜ್ಜಿಗೆಯಿಂದಲೇ. ಬಸುರಿಗೆ, ಎರಡು ವರ್ಷದ ಕೂಸಿಗೆ ಒಂದೊಂದು ಲೋಟ ಮೊದಲು ಎತ್ತಿಟ್ಟು ಉಳಿದದ್ದನ್ನು ಹಾಕಿ. ಗೋವಿನಜೋಳ ಹೊಲವನ್ನೆಲ್ಲ ಹಿಡಿದಿದೆ. ಬದುವಿನ ಮೇಲಾದರೂ ಅಲಸಂದೆ, ನುಗ್ಗೆ, ಹರಿವೆ ಇರಲಿ.

ಸರ್ಕಾರದ ಕಡೆಯಿಂದ ಕೆಲಸ ನಡೆದೇ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಅಂಗನವಾಡಿ ಯೋಜನೆಯಲ್ಲಿ ನಮ್ಮ ಟಿ. ನರಸೀಪುರವೂ ಇತ್ತು. 2017ರ ಅದೇ ದಿನ ಬಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಇಟ್ಟರು. ಮಳೆಯಲ್ಲಿ ಅಷ್ಟು ದೂರ ನಡೆದು ಹೋಗಿ ಉಣ್ಣುವುದು ಹೇಗೆ ಎಂಬ ಮಾತು ಮಲೆನಾಡಿನಲ್ಲಿ ಮೊದಲ ದಿನದಿಂದಲೂ ಇದೆ, ಅದು ನ್ಯಾಯವಾದ ಮಾತು. ಊಟವೇ ಮನೆಬಾಗಿಲಿಗೆ ಬರಬೇಕು. ಮೊಟ್ಟೆ ಉಣ್ಣುವ ಮಗುವಿಗೆ ಮೊಟ್ಟೆ, ಉಣ್ಣದ ಮಗುವಿಗೆ ಹಾಲು ಕಾಳು, ಇದರಲ್ಲಿ ಜಗಳಕ್ಕೆ ಎಡೆಯೇ ಇಲ್ಲವೆಂದು ನಾನು ನಂಬಿದ್ದೇನೆ.

ಕೊನೆಯ ಮಾತು, ಭೂಮಿ ಹುಣ್ಣಿಮೆಯದು. ಆಶ್ವೀಜದ ಹುಣ್ಣಿಮೆ ಹೊತ್ತಿಗೆ ಪೈರು ಹೊಡೆಯಲ್ಲಿರುತ್ತದೆ. ಭೂಮಿ ಬಸುರಿ ಎಂದು ಶಿಕಾರಿಪುರ, ಸೊರಬ, ಸಾಗರದ ಮನೆಗಳಲ್ಲಿ ಹೆಂಗಸರು ರಾತ್ರಿಯಿಡೀ ಎದ್ದು ಬಯಕೆ ಅಡುಗೆ ಮಾಡುತ್ತಾರೆ. ಬೆರಕೆ ಸೊಪ್ಪು, ಕಾಳು, ಕಡುಬು. ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದನ್ನು ಹೊತ್ತು, ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ ಭೂಮಿತಾಯಿಗೆ ಉಣಿಸುತ್ತಾರೆ. ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ದೀಪ ಹಿಡಿದು ನಾನೂ ಹೋಗಿದ್ದೇನೆ. ಆ ವರ್ಷ ನನ್ನ ತಮ್ಮ ಅಮ್ಮನ ಹೊಟ್ಟೆಯಲ್ಲಿದ್ದ. ಅಡುಗೆಯನ್ನು ಗದ್ದೆಗೆ ಬೀರಿ, ಎಡೆಯನ್ನು ಮಣ್ಣಲ್ಲಿ ಹೂತು, ಎಲ್ಲರಿಗೂ ಬಡಿಸಿ, ಅಮ್ಮ ಉಂಡದ್ದು ಸೂರ್ಯ ನೆತ್ತಿಗೆ ಬಂದ ಮೇಲೆ.

ಈ ಸಲದ ಹುಣ್ಣಿಮೆಗೆ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಬುಟ್ಟಿ ಹೊರುವ ಮೊದಲು ಅದೇ ಅಡುಗೆಯಿಂದ ಒಂದು ಎಲೆ ಬಡಿಸಿ. ಮನೆಯಲ್ಲಿ ಬಸುರಿ ಇದ್ದರೆ ಅವಳನ್ನು, ಇಲ್ಲದಿದ್ದರೆ ಬೆಳೆಯುವ ಹುಡುಗಿಯನ್ನು ಕೂರಿಸಿ, ಹೊಟ್ಟೆತುಂಬ ಉಣಿಸಿ. ಆಮೇಲೆ ಗದ್ದೆಗೆ ಹೊರಡಿ.